ಒಂದು ಅರ್ಜಿಯ ಹಿಂದಿನ ನೂರೈವತ್ತು ವರ್ಷ

ತಂತಿಯ ಚೌಕಟ್ಟಿಗೆ ತೆಳುಬಟ್ಟೆ ಸುತ್ತಿದ ಒಂದು ಮಾಸ್ಕ್. ಅದನ್ನು ರೋಗಿಯ ಮೂಗು, ಬಾಯಿಯ ಮೇಲಿಟ್ಟು ಮೇಲಿಂದ ಒಂದೊಂದೇ ಹನಿ ಈಥರ್ ಹಾಕಬೇಕು. ಹನಿ ಜಾಸ್ತಿಯಾದರೆ ಉಸಿರು ನಿಲ್ಲಬಹುದು. ಕಡಿಮೆಯಾದರೆ ಹೊಟ್ಟೆ ಕೊಯ್ಯುತ್ತಿರುವಾಗಲೇ ರೋಗಿಗೆ ಎಚ್ಚರವಾಗಬಹುದು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಕ್ಲಿಪ್ ಇಲ್ಲ, ಬೀಪ್ ಅನ್ನುವ ಮಾನಿಟರ್ ಇಲ್ಲ. ಉಸಿರಿನ ಸದ್ದು, ಮುಖದ ಬಣ್ಣ, ನಾಡಿ, ಕಣ್ಣುಪಾಪೆ ಇವಿಷ್ಟೇ ಲೆಕ್ಕ. ಅಮೆರಿಕದ ಮಿನೆಸೋಟಾ ರಾಜ್ಯದ ರಾಚೆಸ್ಟರ್ ಎಂಬ ಪುಟ್ಟ ಊರಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ 1893ರಿಂದ ಈ ಕೆಲಸ ಮಾಡುತ್ತಿದ್ದವಳ ಹೆಸರು ಆಲಿಸ್ ಮ್ಯಾಗಾ. ಆಕೆ ಡಾಕ್ಟರ್ ಅಲ್ಲ, ನರ್ಸ್. ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು ಮೇಯೋ ಸಹೋದರರು. ಹೌದು, ಇವತ್ತಿನ ಮೇಯೋ ಕ್ಲಿನಿಕ್ಕಿನ ಅದೇ ಮೇಯೋಗಳು.

ಮ್ಯಾಗಾ ಬರೀ ಹನಿ ಹಾಕುತ್ತಾ ಕೂರಲಿಲ್ಲ, ಬರೆದಿಟ್ಟಳು. ಒಂದೇ ವರ್ಷದಲ್ಲಿ ತಾನು ಅರಿವಳಿಕೆ ಕೊಟ್ಟ 1,092 ಪ್ರಕರಣಗಳ ಬಗ್ಗೆ 1900ರಲ್ಲಿ ಲೇಖನ ಪ್ರಕಟಿಸಿದಳು. 1906ರ ಲೇಖನದ ಹೊತ್ತಿಗೆ ಲೆಕ್ಕ 14,000 ದಾಟಿತ್ತು. ಅಷ್ಟರಲ್ಲಿ ಅರಿವಳಿಕೆಯಿಂದಲೇ ಆಯಿತು ಎನ್ನಬಹುದಾದ ಸಾವು ಒಂದೂ ಇರಲಿಲ್ಲ. ಆಕೆಯ ಇನ್ನೊಂದು ವಿಧಾನ ನನಗೆ ಬಹಳ ಇಷ್ಟವಾಯಿತು. ಈಥರ್ ಕೊಡುವಾಗ ರೋಗಿಯ ಜೊತೆ ಮಾತಾಡುತ್ತಲೇ ಇರುತ್ತಿದ್ದಳಂತೆ. ಭಯ ಇಳಿದರೆ ಔಷಧ ಕಡಿಮೆ ಸಾಕು ಅನ್ನೋದು ಆಕೆ ಕಂಡುಕೊಂಡ ಸತ್ಯ. ಮೈಕೈ ಒತ್ತಿ ಹಿಡಿದು ಕ್ಲೋರೋಫಾರ್ಮ್ ಮೂಸಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಚಾರ್ಲ್ಸ್ ಮೇಯೋ ಆಕೆಯನ್ನು ‘ಅರಿವಳಿಕೆಯ ತಾಯಿ’ ಅಂತ ಕರೆದ.

ನನಗೂ ಈ ಮ್ಯಾಗಾಗೂ ಏನು ಸಂಬಂಧ ಅಂತೀರಾ? ನಾನು ಬೆಂಗಳೂರಿನಲ್ಲಿ ಕೂತು ಕಂಪನಿಗಳಿಗೆ ಪ್ರೆಸೆಂಟೇಶನ್ ತಿದ್ದಿಕೊಡುವವಳು. ಆಪರೇಶನ್ ಥಿಯೇಟರನ್ನು ಒಳಗಿಂದ ನೋಡಿದ್ದು ಒಂದೇ ಸಲ, ಅದೂ ಮಲಗಿಕೊಂಡು. ಆದರೆ ನನ್ನ ಚಿಕ್ಕಮ್ಮನ ಮಗಳು ನರ್ಸ್. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಇಲ್ಲೇ ಎರಡು ವರ್ಷ ಐಸಿಯುನಲ್ಲಿ ದುಡಿದು, ಪರೀಕ್ಷೆ ಬರೆದು, ಗ್ರೀನ್ ಕಾರ್ಡಿನ ಮೇಲೆ ಅಮೆರಿಕಕ್ಕೆ ಹೋದವಳು. ಈಗ ಓಹಾಯೋದ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಾಳೆ. ಅಲ್ಲಿ ನರ್ಸುಗಳೇ ಅರಿವಳಿಕೆ ಕೊಡುವ ವೃತ್ತಿಯೊಂದಿದೆ. ಹೆಸರು ಸಿಆರ್‌ಎನ್‌ಎ. ಅದರ ತರಬೇತಿಗೆ ಅರ್ಜಿ ಹಾಕಲು ಹೊರಟಿದ್ದಾಳೆ. ‘ಅಕ್ಕಾ, ನನ್ನ ಎಸ್ಸೇ ಸ್ವಲ್ಪ ನೋಡಿಕೊಡೇ’ ಅಂತ ಫೈಲ್ ಕಳಿಸಿದಳು. ಅದನ್ನು ತಿದ್ದಲು ಕೂತವಳು ನಾನು, ನೂರೈವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಮೊದಲು ಆ ಅರ್ಜಿ ಏನೇನು ಕೇಳುತ್ತದೆ ನೋಡಿ. ಪದವಿ ಬೇಕು, ಅಮೆರಿಕದ ನರ್ಸಿಂಗ್ ಲೈಸೆನ್ಸ್ ಬೇಕು. ಐಸಿಯುನಂಥ ಕಡೆ ಕನಿಷ್ಠ ಒಂದು ವರ್ಷ ಪೂರ್ತಿ ಕೆಲಸ ಮಾಡಿರಬೇಕು. ಅದಕ್ಕಿಂತ ಜಾಸ್ತಿ ಇದ್ದವರ ಜೊತೆಯೇ ಪೈಪೋಟಿ. ತೀವ್ರ ನಿಗಾ ನರ್ಸಿಂಗಿನಲ್ಲಿ ಸಿಸಿಆರ್‌ಎನ್ ಅನ್ನುವ ಪರೀಕ್ಷೆ ಪಾಸು ಮಾಡಿದ್ದರೆ ಒಳ್ಳೆಯದು ಅಂತ ಕೆಲವು ಶಾಲೆಗಳು ಹೇಳುತ್ತವೆ, ಕೆಲವು ಬೇಕೇ ಬೇಕು ಅನ್ನುತ್ತವೆ. ಶಿಫಾರಸು ಪತ್ರಗಳು. ಒಬ್ಬ ಸಿಆರ್‌ಎನ್‌ಎ ಜೊತೆ ಇಡೀ ದಿನ ನಿಂತು ಕೆಲಸ ನೋಡಿದ್ದಕ್ಕೆ ದಾಖಲೆ. ಆಮೇಲೆ ಎಸ್ಸೇ, ಸಂದರ್ಶನ. ಸೀಟು ಸಿಕ್ಕಿದರೆ ಕನಿಷ್ಠ 36 ತಿಂಗಳು ಓದು, 2,000 ಗಂಟೆ ಕ್ಲಿನಿಕಲ್ ಕೆಲಸ, 600 ಪ್ರಕರಣ, ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ. ಕೈಗೆ ಬರುವುದು ಡಾಕ್ಟರೇಟ್. ಆ ಮೂರು ವರ್ಷ ಕೆಲಸ ಮಾಡಿಕೊಂಡು ಓದುವುದು ಹೆಚ್ಚುಕಮ್ಮಿ ಆಗದ ಮಾತು, ಅಂದರೆ ಸಂಬಳವೂ ಇಲ್ಲ.

ಅವಳ ಎಸ್ಸೇ ‘ಬಾಲ್ಯದಿಂದಲೂ ನನಗೆ ಸೇವೆ ಮಾಡುವ ಆಸೆ’ ಅಂತ ಶುರುವಾಗಿತ್ತು. ‘ಇದನ್ನ ಎಲ್ಲರೂ ಬರೀತಾರೆ ಕಣೆ, ಐಸಿಯುನಲ್ಲಿ ನೀನು ನಿಜವಾಗಿ ಏನು ಮಾಡ್ತೀಯ ಹೇಳು’ ಅಂದೆ. ಹೇಳಿದಳು. ರಾತ್ರಿ ಮೂರು ಗಂಟೆ. ವೆಂಟಿಲೇಟರ್ ಮೇಲಿರುವ ರೋಗಿಯ ಬಿಪಿ ಇಳಿಯುತ್ತಿದೆ. ಡ್ರಿಪ್ಪಿನಲ್ಲಿ ನಾರ್‌ಎಪಿನೆಫ್ರಿನ್ ಹೋಗುತ್ತಿದೆ. ಡಾಕ್ಟರ್ ಹಾಕಿಕೊಟ್ಟ ಮಿತಿಯೊಳಗೆ ಅದನ್ನು ಎಷ್ಟು ಏರಿಸಬೇಕು, ಯಾವಾಗ ನಿಲ್ಲಿಸಬೇಕು ಅಂತ ನಿಮಿಷ ನಿಮಿಷಕ್ಕೂ ನಿರ್ಧರಿಸುವವಳು ಪಕ್ಕದಲ್ಲಿ ನಿಂತ ನರ್ಸ್. ‘ಡಾಕ್ಟರನ್ನ ಎಬ್ಬಿಸಬೇಕಾ ಬೇಡ್ವಾ ಅನ್ನೋದೂ ನನ್ನ ತಲೆನೋವೇ ಅಕ್ಕಾ’ ಅಂದಳು. ಆಗ ಆ ‘ಒಂದು ವರ್ಷದ ಐಸಿಯು’ ಕಾಲಂ ಯಾಕಿದೆ ಅಂತ ಗೊತ್ತಾಯಿತು. ಮಾಸ್ಕ್, ಹನಿ ಹೋಗಿ ವೆಂಟಿಲೇಟರ್, ಪಂಪ್ ಬಂದಿವೆ. ಆದರೆ ಕೆಲಸ ಮ್ಯಾಗಾ ಮಾಡುತ್ತಿದ್ದದ್ದೇ. ಒಂದು ಜೀವವನ್ನು ಕಣ್ಣು ಮಿಟುಕಿಸದೆ ಕಾಯುವುದು, ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ಹೋಗುವುದು.

ಆದರೆ ನರ್ಸ್ ಯಾಕೆ? ನಮ್ಮಲ್ಲಿ ‘ಮತ್ತು ಬರಿಸೋ ಡಾಕ್ಟ್ರು’ ಅಂತಲೇ ಹೇಳುವುದಲ್ವಾ?

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರಿನ ಪ್ರಯೋಗ ತೋರಿಸಿದ. ನೋವಿಲ್ಲದ ಶಸ್ತ್ರಚಿಕಿತ್ಸೆ ಬಂತು. ಆದರೆ ಈಥರ್ ಕೊಡುವ ಕೆಲಸ ಯಾರಿಗೂ ಬೇಡವಾಗಿತ್ತು. ದುಡ್ಡೂ ಇಲ್ಲ, ಹೆಸರೂ ಇಲ್ಲ. ಕೈಗೆ ಸಿಕ್ಕ ವಿದ್ಯಾರ್ಥಿಯನ್ನೋ ಕಿರಿಯ ವೈದ್ಯನನ್ನೋ ತಲೆಯ ಹತ್ತಿರ ನಿಲ್ಲಿಸುತ್ತಿದ್ದರು. ಅವನ ಕಣ್ಣೆಲ್ಲ ಸರ್ಜನ್ ಏನು ಮಾಡುತ್ತಿದ್ದಾನೆ ಅನ್ನುವುದರ ಮೇಲೆ, ಯಾಕೆಂದರೆ ಅವನಿಗೆ ಕಲಿಯಬೇಕಿದ್ದದ್ದು ಅದು. ಇತ್ತ ರೋಗಿ ನೀಲಿಯಾದರೂ ಅವನ ಗಮನಕ್ಕೆ ಬರುತ್ತಿರಲಿಲ್ಲ. ಸರ್ಜನ್ನರಿಗೆ ಬೇಕಿದ್ದದ್ದು ಚಾಕುವಿನ ಆಸೆಯಿಲ್ಲದ, ಉಸಿರನ್ನು ಮಾತ್ರ ನೋಡುವ, ಕಡಿಮೆ ಸಂಬಳಕ್ಕೆ ಒಪ್ಪುವ ಒಬ್ಬರು. ಕ್ಯಾಥೊಲಿಕ್ ಆಸ್ಪತ್ರೆಗಳ ಸಿಸ್ಟರುಗಳು ಸಿಕ್ಕರು. 1877ರಲ್ಲಿ ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ನಿಂತ ಸಿಸ್ಟರ್ ಮೇರಿ ಬರ್ನಾರ್ಡ್ ಅವರಿಂದಲೇ ಈ ವೃತ್ತಿಯವರು ತಮ್ಮ ಲೆಕ್ಕ ಶುರು ಮಾಡುತ್ತಾರೆ.

ಹಾಗಾಗಿ ಇದನ್ನು ‘ಮಹಿಳೆಯರಿಗೆ ಸಿಕ್ಕ ಗೌರವ’ ಅಂತ ಬಣ್ಣ ಹಚ್ಚಿ ಹೇಳಲು ನನಗೆ ಮನಸ್ಸಿಲ್ಲ. ಬೇರೆಯವರಿಗೆ ಬೇಡವಾದ ಕೆಲಸ, ಕಡಿಮೆ ದುಡ್ಡಿಗೆ ಇವರ ಪಾಲಿಗೆ ಬಂತು, ಅಷ್ಟೇ. ಇವರು ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಅಂದರೆ, ಆಮೇಲೆ ಅದು ಎಲ್ಲರಿಗೂ ಬೇಕಾಯಿತು. ನಮ್ಮ ಆಫೀಸುಗಳಲ್ಲೂ ನೋಡಿಲ್ವಾ?

ಕ್ಲೀವ್‌ಲ್ಯಾಂಡಿನ ಲೇಕ್‌ಸೈಡ್ ಆಸ್ಪತ್ರೆಯಲ್ಲಿ ಜಾರ್ಜ್ ಕ್ರೈಲ್ ಎಂಬ ಹೆಸರಾಂತ ಸರ್ಜನ್ ಇದ್ದ. ಅವನು ಅರಿವಳಿಕೆಗೆ ಆರಿಸಿಕೊಂಡದ್ದು ಅಗಾಥಾ ಹಾಜಿನ್ಸ್ ಎಂಬ ಕೆನಡಾ ಮೂಲದ ನರ್ಸನ್ನು. ಇಬ್ಬರೂ ಸೇರಿ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕದ ಮಿಶ್ರಣವನ್ನು ಪಳಗಿಸಿದರು. ಮೊದಲ ಮಹಾಯುದ್ಧ ಶುರುವಾದಾಗ ಲೇಕ್‌ಸೈಡ್ ತಂಡ ಫ್ರಾನ್ಸಿಗೆ ಹೋಯಿತು. ಪ್ಯಾರಿಸ್ ಪಕ್ಕದ ನುಯಿಯಲ್ಲಿದ್ದ ಅಮೆರಿಕನ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರಿಗೆ ಹಾಜಿನ್ಸ್ ಅರಿವಳಿಕೆ ಕೊಟ್ಟಳು, ಬೇರೆಯವರಿಗೆ ಕಲಿಸಿದಳು. ವಾಪಸ್ ಬಂದ ಮೇಲೆ, 1915ರಲ್ಲಿ, ಲೇಕ್‌ಸೈಡಿನಲ್ಲಿ ಅರಿವಳಿಕೆಯ ಶಾಲೆ ತೆರೆಯಿತು. ಆರು ತಿಂಗಳ ಕೋರ್ಸು. ತಮಾಷೆ ಅಂದರೆ, ನರ್ಸ್ ಒಬ್ಬಳು ನಡೆಸುತ್ತಿದ್ದ ಆ ಶಾಲೆಯ ಮೊದಲ ತಂಡದಲ್ಲಿ ನರ್ಸುಗಳ ಜೊತೆ ಡಾಕ್ಟರುಗಳು, ದಂತವೈದ್ಯರೂ ಕೂತು ಕಲಿತರು.

ಜಗಳ ಶುರುವಾದದ್ದು ಇಲ್ಲಿಂದ. ಅಷ್ಟರಲ್ಲಿ ಅರಿವಳಿಕೆಯನ್ನೇ ವೃತ್ತಿ ಮಾಡಿಕೊಂಡ ಡಾಕ್ಟರುಗಳು ಒಂದಷ್ಟು ಜನ ಹುಟ್ಟಿಕೊಂಡಿದ್ದರು. ಇದು ವೈದ್ಯಕೀಯ, ವೈದ್ಯರೇ ಮಾಡಬೇಕು ಎಂಬುದು ಅವರ ವಾದ. 1916ರಲ್ಲಿ ಓಹಾಯೋದ ವೈದ್ಯಕೀಯ ಮಂಡಳಿ ಅವರ ಪರ ನಿಂತಿತು, ಹಾಜಿನ್ಸಳ ಶಾಲೆ ಸ್ವಲ್ಪ ಕಾಲ ನಿಂತೇ ಹೋಯಿತು. ಕ್ರೈಲ್ ಹೋರಾಡಿ ಮತ್ತೆ ತೆರೆಸಿದ. ಅದೇ ಹೊತ್ತಿಗೆ ಪಕ್ಕದ ಕೆಂಟಕಿ ರಾಜ್ಯದಲ್ಲಿ ಲೂಯಿ ಫ್ರಾಂಕ್ ಎಂಬ ಸರ್ಜನ್ ಮತ್ತು ಅವನ ಜೊತೆ ಕೆಲಸ ಮಾಡುತ್ತಿದ್ದ ಮಾರ್ಗರೆಟ್ ಹ್ಯಾಟ್‌ಫೀಲ್ಡ್ ಎಂಬ ನರ್ಸ್ ಕೋರ್ಟಿಗೆ ಹೋದರು. 1917ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸರ್ಜನ್ನನ ಮೇಲ್ವಿಚಾರಣೆಯಲ್ಲಿ ನರ್ಸ್ ಅರಿವಳಿಕೆ ಕೊಟ್ಟರೆ ಅದು ‘ವೈದ್ಯವೃತ್ತಿ ನಡೆಸಿದಂತೆ’ ಆಗುವುದಿಲ್ಲ, ಆದ್ದರಿಂದ ಕಾನೂನು ಮುರಿದಂತೆಯೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೇ ನಾಟಕ ಮತ್ತೆ ನಡೆಯಿತು. ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರ ನರ್ಸ್ ಡ್ಯಾಗ್ಮಾರ್ ನೆಲ್ಸನ್ ಮೇಲೆ ಡಾಕ್ಟರುಗಳು ಕೇಸು ಹಾಕಿದರು. 1936ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನೆಲ್ಸನ್ ಪರವಾಗಿ ನಿಂತಿತು. ಕಾರಣ ಹೆಚ್ಚುಕಮ್ಮಿ ಅದೇ. ಆಕೆ ಮಾಡುತ್ತಿರುವುದು ವೈದ್ಯವೃತ್ತಿ ಅಲ್ಲ, ಸರ್ಜನ್ ಹೇಳಿದ್ದನ್ನು ಪಾಲಿಸುತ್ತಿದ್ದಾಳೆ ಅಷ್ಟೇ.

ಈ ಎರಡು ತೀರ್ಪುಗಳ ಬಗ್ಗೆ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗೆದ್ದರು, ಸರಿ. ಆದರೆ ಗೆದ್ದದ್ದು ಹೇಗೆ? ‘ನಮ್ಮ ಕೆಲಸ ಅಷ್ಟು ದೊಡ್ಡದಲ್ಲ ಸ್ವಾಮೀ’ ಎಂಬ ಅರ್ಥ ಬರುವ ವಾದದಿಂದ. ಕೈಯಲ್ಲಿ ಜೀವ ಹಿಡಿದು ನಿಂತವಳು ಕಾನೂನಿನ ಕಣ್ಣಿನಲ್ಲಿ ಬೇರೆಯವರ ಕೈ ಮಾತ್ರ. ಬೇರೆ ದಾರಿ ಇರಲಿಲ್ಲ ಅನ್ನಿ. ಆ ಹೊತ್ತಿಗೆ ಕೆಲಸ ಉಳಿಸಿಕೊಳ್ಳಬೇಕಿತ್ತು, ಉಳಿಸಿಕೊಂಡರು. ಆದರೆ ಹಾಗೆ ಪಡೆದ ಜಯಕ್ಕೆ ಬಡ್ಡಿ ಕಟ್ಟುತ್ತಲೇ ಇರಬೇಕಾಗುತ್ತದೆ. ಅರ್ಜಿಯಲ್ಲಿ ಇವತ್ತು ಕಾಣುವ ಒಂದೊಂದು ಕಾಲಮ್ಮೂ ಆ ಬಡ್ಡಿಯ ಕಂತು ಅಂತ ನನಗನ್ನಿಸುತ್ತದೆ. ‘ನಾವು ಬರೀ ಕೈಗಳಲ್ಲ’ ಅಂತ ಮತ್ತೆ ಮತ್ತೆ ದಾಖಲೆ ಸಮೇತ ತೋರಿಸುವ ಕೆಲಸ ಅದು.

ಕಂತುಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. 1931ರಲ್ಲಿ ಹಾಜಿನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. 1945ರಲ್ಲಿ ಮೊದಲ ಅರ್ಹತಾ ಪರೀಕ್ಷೆ. 1947ರಲ್ಲಿ ಗಂಡಸರಿಗೂ ಸಂಘದ ಬಾಗಿಲು ತೆರೆಯಿತು. 1952ರಿಂದ ಶಾಲೆಗಳಿಗೆ ಮಾನ್ಯತೆ ಕೊಡುವ ವ್ಯವಸ್ಥೆ, 1956ರಲ್ಲಿ ಸಿಆರ್‌ಎನ್‌ಎ ಎಂಬ ಬಿರುದು. 1986ರಲ್ಲಿ ಸಂಸತ್ತು ಕಾನೂನು ಮಾಡಿ, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಈ ನರ್ಸುಗಳಿಗೆ ನೇರವಾಗಿ ಹಣ ಕೊಡಬೇಕು ಅಂದಿತು. ಇದು ಸಣ್ಣದಲ್ಲ. ಯಾರ ಹೆಸರಿಗೆ ಬಿಲ್ ಆಗುತ್ತದೋ ಕೆಲಸ ಅವರದ್ದು ಅಂತ ಒಪ್ಪಿಕೊಂಡ ಹಾಗೆ. 1998ರ ಹೊತ್ತಿಗೆ ಎಲ್ಲ ಶಾಲೆಗಳೂ ಮಾಸ್ಟರ್ಸ್ ಮಟ್ಟಕ್ಕೆ ಬಂದವು. 2001ರಲ್ಲಿ, ಬೇಕಾದ ರಾಜ್ಯಗಳು ವೈದ್ಯರ ಮೇಲ್ವಿಚಾರಣೆಯ ಮೆಡಿಕೇರ್ ನಿಯಮದಿಂದ ಹೊರಬರಬಹುದು ಅಂತಾಯಿತು. ಮೊದಲು ಹೊರಬಂದದ್ದು ಐಯೋವಾ. 2022ರ ಜನವರಿಯಿಂದ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಓದಿಗೇ ಸೇರಬೇಕು. ಆರು ತಿಂಗಳಿದ್ದದ್ದು 36 ತಿಂಗಳಾಯಿತು.

ಡಾಕ್ಟರೇಟ್ ಸುದ್ದಿ ಕೇಳಿ ಚಿಕ್ಕಮ್ಮ ಫೋನ್ ಮಾಡಿದ್ದರು. ‘ಅಂದ್ರೆ ಡಾಕ್ಟ್ರಾಗ್ತಾಳಾ ಇಲ್ವಾ, ಸರಿಯಾಗಿ ಹೇಳಮ್ಮ.’ ಆಗ್ತಾಳೆ ಚಿಕ್ಕಮ್ಮ, ಆದರೆ ಡಾಕ್ಟ್ರಲ್ಲ ಅಂದೆ. ‘ಹಂಗಾದ್ರೆ ಅದನ್ನ ಇಲ್ಲೇ ಬಂದು ಮಾಡಬಹುದಲ್ಲ’ ಅಂದರು.

ಇಲ್ಲಿ ಮಾಡೋಕಾಗಲ್ಲ. ನಮ್ಮಲ್ಲಿ ಅರಿವಳಿಕೆ ಎಂಬಿಬಿಎಸ್ ಆದಮೇಲೆ ಎಂಡಿ ಮಾಡಿದವರ ಕೆಲಸ. ಅವರ ಪಕ್ಕದಲ್ಲಿ ಯಂತ್ರ, ಟ್ಯೂಬು, ಔಷಧ ಸಿದ್ಧ ಮಾಡುವ ತಂತ್ರಜ್ಞರಿರುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಬಿಎಸ್ಸಿ ಇದೆ. ನರ್ಸಿಗೆ ಆ ಜಾಗ ಇಲ್ಲ. ಹಾಗಂತ ನಮ್ಮ ಕಡೆಯ ಚರಿತ್ರೆಯಲ್ಲಿ ಮಾಸ್ಕ್ ಹಿಡಿದ ಹೆಣ್ಣು ಇರಲೇ ಇಲ್ಲ ಅಂತಲ್ಲ. ಮ್ಯಾಗಾ ರಾಚೆಸ್ಟರಿನಲ್ಲಿ ಕೆಲಸ ಶುರುಮಾಡುವ ಕೆಲವೇ ವರ್ಷ ಮುಂಚೆ, ಕಲಬುರಗಿ, ಬೀದರ, ರಾಯಚೂರುಗಳೆಲ್ಲ ಸೇರಿದ್ದ ನಿಜಾಮರ ರಾಜ್ಯದಲ್ಲಿ ಕ್ಲೋರೋಫಾರ್ಮಿನ ಬಗ್ಗೆ ಜಗತ್ತೇ ನೋಡುವಂಥ ಪ್ರಯೋಗ ನಡೆದಿತ್ತು. ಹೈದರಾಬಾದ್ ವೈದ್ಯಕೀಯ ಶಾಲೆಯ ಎಡ್ವರ್ಡ್ ಲಾರಿ, ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗ ನಡೆಸಿದ. ಕ್ಲೋರೋಫಾರ್ಮ್ ಕೊಲ್ಲುವುದು ಉಸಿರು ನಿಲ್ಲಿಸಿಯೋ, ಹೃದಯ ನಿಲ್ಲಿಸಿಯೋ ಎಂಬುದು ಪ್ರಶ್ನೆ. ಉಸಿರು ನೋಡಿಕೊಂಡರೆ ಸಾಕು ಅಂದ ಲಾರಿ. ಹೃದಯವನ್ನೂ ನೇರವಾಗಿ ಕೆಡಿಸಬಲ್ಲದು ಅಂತ ಆಮೇಲೆ ಗೊತ್ತಾಯಿತು ಅನ್ನಿ. ಅದೇ ಶಾಲೆಯಲ್ಲಿ ಓದಿದ ರೂಪಾ ಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಹೆಣ್ಣುಮಗಳು ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುತ್ತಿದ್ದಳು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಆಕೆಯ ಹೆಸರು ಹೇಳುತ್ತಾರೆ. ಆದರೆ ಆಕೆ ಬಂದದ್ದು ವೈದ್ಯಶಿಕ್ಷಣದ ದಾರಿಯಿಂದ. ಇಲ್ಲಿ ಆ ದಾರಿಯೊಂದೇ ಉಳಿಯಿತು. ಅಲ್ಲಿ ಎರಡು ದಾರಿ ಆಯಿತು, ಎರಡೂ ಒಂದೇ ಆಪರೇಶನ್ ಟೇಬಲ್ಲಿನ ತಲೆಯ ಹತ್ತಿರ ಬಂದು ನಿಂತಿವೆ.

ಹಾಗಾಗಿ ಜಗಳ ಇನ್ನೂ ಮುಗಿದಿಲ್ಲ. 2021ರಲ್ಲಿ ನರ್ಸುಗಳ ಸಂಘ ತನ್ನ ಹೆಸರಿನಲ್ಲಿದ್ದ ‘ಅನೆಸ್ತೆಟಿಸ್ಟ್ಸ್’ ಪದವನ್ನು ‘ಅನೆಸ್ತೀಸಿಯಾಲಜಿ’ ಅಂತ ಬದಲಿಸಿಕೊಂಡಾಗ ಡಾಕ್ಟರುಗಳ ಸಂಘ ಕೆಂಡವಾಯಿತು. ರೋಗಿಗಳಿಗೆ ಗೊಂದಲವಾಗುತ್ತದೆ ಎಂಬುದು ಅವರ ಮಾತು. ಅದನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗುವುದಿಲ್ಲ. ಟೇಬಲ್ ಮೇಲೆ ಮಲಗಿದಾಗ ತಲೆಯ ಹತ್ತಿರ ಇರುವವರು ಯಾರು, ಎಷ್ಟು ವರ್ಷ ಓದಿದವರು ಅಂತ ತಿಳಿಯುವ ಹಕ್ಕು ನನಗಿದೆ. ವೈದ್ಯರ ತರಬೇತಿ ಇವರದ್ದಕ್ಕಿಂತ ಉದ್ದವೂ ಹೌದು. ಆದರೆ ಡಾಕ್ಟರುಗಳು ಹೋಗಲು ಮನಸ್ಸು ಮಾಡದ ಅಮೆರಿಕದ ಹಳ್ಳಿಗಾಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಹೆರಿಗೆ ಟೇಬಲ್ಲಿನ ಪಕ್ಕ ನಿಲ್ಲುವವರು ಇವರೇ. ನಡುರಾತ್ರಿ ಸಿಸೇರಿಯನ್ ಆಗಬೇಕಾದವಳಿಗೆ ಆ ಪದದ ಜಗಳದಿಂದ ಏನೂ ಆಗಬೇಕಿಲ್ಲ.

ಈಗ ಹೊಸ ಸಮಸ್ಯೆ ಬಂದಿರುವುದು ದುಡ್ಡಿನ ಕಡೆಯಿಂದ. ಓದು ಮುಗಿದ ಮೇಲೆ ವರ್ಷಕ್ಕೆ ಸರಾಸರಿ ಎರಡು ಲಕ್ಷ ಡಾಲರ್ ಮೀರುವ ಸಂಬಳವಿದೆ, ನಿಜ. ಆದರೆ ಶುಲ್ಕವೇ ಎಷ್ಟೋ ಕಡೆ ಲಕ್ಷ ಡಾಲರ್ ದಾಟುತ್ತದೆ, ಜೊತೆಗೆ ಸಂಬಳವಿಲ್ಲದ ಮೂರು ವರ್ಷ. ಇಷ್ಟು ದಿನ ಓದುವವರು ಸರ್ಕಾರಿ ಸಾಲದಲ್ಲಿ ಅದನ್ನು ದಾಟುತ್ತಿದ್ದರು. 2025ರ ಜುಲೈನಲ್ಲಿ ಬಂದ ಕಾನೂನು, 2026ರ ಜುಲೈ 1ರಿಂದ ಹೊಸಬರಿಗೆ ಆ ದೊಡ್ಡ ಸಾಲವನ್ನು ನಿಲ್ಲಿಸಿತು. ಬದಲಿಗೆ ಎರಡು ಮಿತಿಗಳು. ‘ವೃತ್ತಿಪರ’ ಪದವಿಗಳಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್. ಉಳಿದ ಸ್ನಾತಕೋತ್ತರ ಓದಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ. ‘ವೃತ್ತಿಪರ’ ಅಂದರೆ ಯಾವುದು? 2025ರ ನವೆಂಬರಿನಲ್ಲಿ ಶಿಕ್ಷಣ ಇಲಾಖೆಯ ಸಮಿತಿ ಒಪ್ಪಿದ ಕರಡಿನಲ್ಲಿ ವೈದ್ಯಕೀಯ ಇದೆ, ದಂತವೈದ್ಯಕೀಯ ಇದೆ, ಕಾನೂನು ಇದೆ, ಬೆನ್ನುಮೂಳೆ ನೀವುವ ಕೈರೋಪ್ರಾಕ್ಟಿಕ್ ಇದೆ, ದೇವತಾಶಾಸ್ತ್ರವೂ ಇದೆ. ನರ್ಸಿಂಗ್ ಇಲ್ಲ.

ಇದು ಸಾಲದ ಲೆಕ್ಕಕ್ಕೆ ಮಾತ್ರ ಮಾಡಿದ ವಿಂಗಡಣೆ, ಯಾರ ಬೆಲೆಯನ್ನೂ ಅಳೆಯುವುದಲ್ಲ ಅಂತ ಇಲಾಖೆ ಹೇಳುತ್ತದೆ. ಇರಬಹುದು. ಆದರೆ 1917ರಲ್ಲಿ ‘ವೈದ್ಯವೃತ್ತಿ ಅಲ್ಲ’ ಅನ್ನಿಸಿಕೊಂಡು ಕೆಲಸ ಉಳಿಸಿಕೊಂಡವರಿಗೆ ಡಾಕ್ಟರೇಟ್ ಮುಟ್ಟಿದ ಮೇಲೂ ‘ವೃತ್ತಿಪರ ಅಲ್ಲ’ ಅನ್ನುವ ಪಟ್ಟಿ ಸಿಕ್ಕಿದ್ದನ್ನು ನೋಡಿದಾಗ, ಹ್ಯಾಟ್‌ಫೀಲ್ಡಳ ಕೇಸು ಇನ್ನೂ ನಡೆಯುತ್ತಲೇ ಇದೆಯೇನೋ ಅನ್ನಿಸಿತು.

ನನ್ನ ತಂಗಿ ಸೇರಬೇಕೆಂದಿರುವುದು ಈ ನಿಯಮ ಜಾರಿಯಾದ ಮೇಲೆ. ವರ್ಷಕ್ಕೆ 20,500 ಅಂದರೆ ಮೂರು ವರ್ಷಕ್ಕೆ 61,500 ಡಾಲರ್. ಉಳಿದದ್ದಕ್ಕೆ ಖಾಸಗಿ ಬ್ಯಾಂಕು, ಅವಳ ಉಳಿತಾಯ, ಹಾಸನದ ಸೈಟು. ಸೈಟು ಮಾರುವುದು ಬೇಡ ಅಂತ ಅವಳು, ಮಾರಿದ್ರೆ ಏನಾಯ್ತು ಅಂತ ಚಿಕ್ಕಮ್ಮ. ಶಾಲೆಗಳನ್ನೆಲ್ಲ ಎಕ್ಸೆಲ್ ಶೀಟಿಗೆ ಹಾಕಿ, ಶುಲ್ಕ ಕಟ್ಟಬಹುದಾದ ಕಡೆಗಳಿಗೆ ಹಳದಿ ಬಣ್ಣ ಬಳಿದು ಕಳಿಸಿದ್ದಾಳೆ. ಸದ್ಯಕ್ಕೆ ಹಳದಿ ಸಾಲುಗಳು ನಾಲ್ಕಿವೆ. ಮೊದಲನೆಯದಕ್ಕೆ ಅರ್ಜಿ ಹಾಕಲು ಇನ್ನು ಹನ್ನೊಂದು ದಿನ.